ಹಳೆಯ ಸಭಾಭವನದ ಋಣ

ಸ್ವಂತ ಮನೆ ಹಳೆಯದಾದಾಗ ಅದನ್ನು ಉಳಿಸಿಕೊಳ್ಳಬೇಕೋ, ಕೆಡವಿ ಕಟ್ಟಬೇಕೋ ಎಂಬುದನ್ನು ಮನೆಯ ಯಜಮಾನ ನಿರ್ಧರಿಸುತ್ತಾನೆ. ಲಾಭವೂ ಅವನದು, ನಷ್ಟವೂ ಅವನದು. ಆದರೆ ಒಂದು ಊರಿನ ಜನರೆಲ್ಲ ಕೂಡಿ ಸಂಗೀತ ಕೇಳಿದ, ಭಾಷಣ ಆಲಿಸಿದ, ವಾದವಿವಾದ ನಡೆಸಿದ ಸಭಾಭವನವೊಂದು ಜೀರ್ಣವಾದಾಗ ಯಜಮಾನ ಎಂದು ಯಾರನ್ನು ಕರೆಯುವುದು? ಕಟ್ಟಿಸಿದವರು ಕಾಲವಶರಾಗಿರುತ್ತಾರೆ. ಇಂದು ಆಡಳಿತ ನಡೆಸುವವರು ಕೆಲವು ವರ್ಷಗಳ ಮಟ್ಟಿಗೆ ಬೀಗದ ಕೈ ಹಿಡಿದವರು ಮಾತ್ರ. ಮುಂದೆ ಅಲ್ಲಿ ಕುಳಿತು ಕೇಳಬೇಕಾದವರು ಇನ್ನೂ ಹುಟ್ಟಿಲ್ಲ. ಹೀಗಿರುವಾಗ ದುರಸ್ತಿಯ ಹೊಣೆ ಹೊತ್ತವರು ಯಾರಿಗೆ ಋಣಿಗಳು ಎಂಬ ಪ್ರಶ್ನೆ ಗಾರೆ, ಸುಣ್ಣ, ಬಣ್ಣಗಳ ಪ್ರಶ್ನೆಗಿಂತ ಮೊದಲು ಏಳುತ್ತದೆ.

ಕರ್ನಾಟಕದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಮರಳಿ ಮರಳಿ ಬರುವ ಒಂದು ಭಾವ ಪರಿಚಿತವಾಗಿದೆ. ತಾನು ಕೊಡುವುದಕ್ಕಿಂತ ಅನ್ಯರು ಕೊಟ್ಟುದನ್ನು ಕಾಪಾಡುವುದು ಮೇಲು ಎಂಬುದೇ ಆ ಭಾವ. ಮೇಲುನೋಟಕ್ಕೆ ಇದು ವಿಚಿತ್ರವೆನಿಸಬಹುದು. ಕೊಡುವವನು ತನ್ನದನ್ನು ತ್ಯಾಗ ಮಾಡುತ್ತಾನೆ, ಕಾಪಾಡುವವನು ತ್ಯಾಗ ಮಾಡುವುದೇನು? ವಿಚಾರ ಮಾಡಿದರೆ ಉತ್ತರ ಹೊಳೆಯುತ್ತದೆ. ಕೊಡುವವನಿಗೆ ಕಲ್ಲಿನ ಮೇಲೆ ಹೆಸರು ಉಳಿಯುತ್ತದೆ. ಮಾಳಿಗೆ ಸೋರದಂತೆ ವರ್ಷವರ್ಷವೂ ನೋಡಿಕೊಂಡವನಿಗೆ ಯಾವ ಕಲ್ಲಿನ ಮೇಲೂ ಹೆಸರಿಲ್ಲ. ಹೆಸರಿನ ಆಸೆಯಿಲ್ಲದ ಕೆಲಸವಾದುದರಿಂದಲೇ ಹಿರಿಯರು ಅದನ್ನು ಹೆಚ್ಚಿನದೆಂದು ಎಣಿಸಿದರು.

ಈ ಮಾತನ್ನು ಒರೆಗಲ್ಲಿಗೆ ಹಚ್ಚಿ ನೋಡಲು ಬಹು ದೂರದ ಒಂದು ಕಟ್ಟಡದ ಕಥೆ ನೆರವಾಗುತ್ತದೆ. ಅಮೆರಿಕದ ಷಿಕಾಗೋ ನಗರದಲ್ಲಿ ‘ಆಡಿಟೋರಿಯಂ’ ಎಂದೇ ಹೆಸರಾದ ಸಭಾಭವನವಿದೆ. ಅದನ್ನು ಕಟ್ಟಿಸಲು ಮುಂದಾದವನು ಫರ್ಡಿನೆಂಡ್ ಪೆಕ್ ಎಂಬ ಸಿರಿವಂತ. 1886ರ ಮೇ ತಿಂಗಳಲ್ಲಿ ಆ ನಗರದ ಹೇಮಾರ್ಕೆಟ್ ಚೌಕದಲ್ಲಿ ಎಂಟು ಗಂಟೆಯ ದುಡಿಮೆಗಾಗಿ ನಡೆದ ಚಳವಳಿಯ ಸಂದರ್ಭದಲ್ಲಿ ಬಾಂಬು ಸಿಡಿದು, ಗುಂಡು ಹಾರಿ, ರಕ್ತಪಾತವಾಯಿತು. ಧನಿಕರಿಗೂ ದುಡಿಯುವವರಿಗೂ ನಡುವೆ ದ್ವೇಷ ಬೆಳೆಯಿತು. ಅದೇ ತಿಂಗಳಲ್ಲಿ ಪೆಕ್ ನಗರದ ವ್ಯಾಪಾರಿಗಳ ಮುಂದೆ ತನ್ನ ಯೋಜನೆಯನ್ನಿಟ್ಟನು. ಶ್ರೀಮಂತನೂ ಕೂಲಿಕಾರನೂ ಒಂದೇ ಸೂರಿನಡಿಯಲ್ಲಿ ಕುಳಿತು ಶ್ರೇಷ್ಠ ಸಂಗೀತವನ್ನು ಅಗ್ಗದ ದರದಲ್ಲಿ ಕೇಳಬಲ್ಲ ಸಭಾಭವನ ಬೇಕೆಂಬುದು ಅವನ ಆಶಯ. ನ್ಯೂಯಾರ್ಕಿನಲ್ಲಿ 1883ರಲ್ಲಿ ತೆರೆದಿದ್ದ ಮೆಟ್ರೋಪಾಲಿಟನ್ ಒಪೆರಾ ಮಂದಿರದಲ್ಲಿ ಸಿರಿವಂತರ ಖಾಸಗಿ ಆಸನಕಟ್ಟೆಗಳು ಸಾಲುಸಾಲಾಗಿ ಸಭಾಂಗಣವನ್ನು ಸುತ್ತುವರಿದಿದ್ದವು. ಷಿಕಾಗೋದಲ್ಲಿ ಅಂತಹವು 40 ಮಾತ್ರ, ಅವೂ ಎರಡು ಪಕ್ಕಗಳಲ್ಲಿ. ಉಳಿದ ಸುಮಾರು 4,200 ಆಸನಗಳು ಸಾಮಾನ್ಯರಿಗೆ ಮೀಸಲು.

ಡ್ಯಾಂಕ್‌ಮಾರ್ ಆಡ್ಲರ್ ಮತ್ತು ಲೂಯಿ ಸಲ್ಲಿವನ್ ಎಂಬಿಬ್ಬರು ವಾಸ್ತುಶಿಲ್ಪಿಗಳು ಇದನ್ನು ರೂಪಿಸಿದರು. ಆಡ್ಲರ್ ಧ್ವನಿವಿಜ್ಞಾನದಲ್ಲಿ ಪರಿಣತ. ವೇದಿಕೆಯಿಂದ ಹೊರಟು ಹಿಂದೆ ಹಿಂದೆ ಹಿಗ್ಗುತ್ತ ಹೋಗುವ ಕಮಾನುಗಳ ಮೂಲಕ ಅವನು ಶಬ್ದವನ್ನು ಕೊನೆಯ ಸಾಲಿನವರೆಗೂ ಒಯ್ದನು. ಅಗ್ಗದ ಟಿಕೆಟಿನವನ ಕಿವಿಗೂ ದುಬಾರಿ ಟಿಕೆಟಿನವನ ಕಿವಿಗೂ ಸ್ವರ ಒಂದೇ ಸ್ಪಷ್ಟತೆಯಿಂದ ತಲುಪಬೇಕೆಂಬುದು ಶಿಲ್ಪದ ಗುಣವಷ್ಟೇ ಅಲ್ಲ, ನೀತಿಯ ಗುಣವೂ ಹೌದು. ಸಲ್ಲಿವನ್ ಆ ಕಮಾನುಗಳಿಗೆ ಚಿನ್ನದ ಲೇಪ ಕೊಟ್ಟು ಬರಿಯ ವಿದ್ಯುದ್ದೀಪಗಳನ್ನು ಪೋಣಿಸಿದನು. ಕಡಿಮೆ ಜನರು ಸೇರುವ ದಿನಗಳಲ್ಲಿ ಮೇಲಿನ ಗ್ಯಾಲರಿಗಳನ್ನು ಮುಚ್ಚಲು ಮಡಚುವ ಛಾವಣಿಯ ಏರ್ಪಾಡೂ ಇತ್ತು. 1889ರ ಡಿಸೆಂಬರ್ 9ರಂದು ರಾಷ್ಟ್ರಾಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರ ಸಮ್ಮುಖದಲ್ಲಿ ಪ್ರಾರಂಭೋತ್ಸವ ನಡೆಯಿತು. ಅಂದು ಹಾಡಿದವಳು ಜಗತ್ಪ್ರಸಿದ್ಧ ಗಾಯಕಿ ಅಡೆಲಿನಾ ಪ್ಯಾಟಿ.

ಅಗ್ಗದ ಟಿಕೆಟಿನಿಂದ ಅಷ್ಟು ದೊಡ್ಡ ಭವನ ನಡೆಯದೆಂಬುದು ಪೆಕ್‌ಗೆ ತಿಳಿದಿತ್ತು. ಆದುದರಿಂದ ಸಭಾಂಗಣದ ಸುತ್ತಲೂ 400 ಕೊಠಡಿಗಳ ಹೋಟೆಲನ್ನೂ, ಬಾಡಿಗೆಯ ಕಚೇರಿಗಳನ್ನೂ ಕಟ್ಟಿಸಿ, ಅವುಗಳ ಆದಾಯದಿಂದ ಕಲೆಯನ್ನು ಪೋಷಿಸುವ ವ್ಯವಸ್ಥೆ ಮಾಡಿದನು. ಒಟ್ಟು ವೆಚ್ಚ ಸುಮಾರು 32 ಲಕ್ಷ ಡಾಲರು. ಹಣ ಬಂದದ್ದು ಶೇರುಗಳ ರೂಪದಲ್ಲಿ, ಅಂದರೆ ಅರ್ಧ ದಾನ, ಅರ್ಧ ಹೂಡಿಕೆ. ದೇವಸ್ಥಾನದ ಮುಂದೆ ಅಂಗಡಿ ಸಾಲು ಕಟ್ಟಿಸಿ ಬಾಡಿಗೆಯಿಂದ ನಿತ್ಯಪೂಜೆ ನಡೆಸುವ ಪದ್ಧತಿಯನ್ನು ಬಲ್ಲವರಿಗೆ ಈ ಯೋಜನೆ ಹೊಸದೆನಿಸದು. ಅದರ ದೌರ್ಬಲ್ಯವೂ ಹೊಸದಲ್ಲ.

ಆ ದೌರ್ಬಲ್ಯ ಎರಡು ಬಗೆಯದು. ಒಂದು ನೆಲದ ಕೆಳಗಿತ್ತು. ಷಿಕಾಗೋದ ನೆಲ ಮೆತ್ತನೆಯ ಜೇಡಿಮಣ್ಣು. ಮರದ ದಿಮ್ಮಿ, ಕಾಂಕ್ರೀಟು, ಉಕ್ಕಿನ ಹಳಿಗಳನ್ನು ಹಾಸಿ ಅದರ ಮೇಲೆ ಕಟ್ಟಡವನ್ನು ತೇಲಿಸಿದಂತೆ ನಿಲ್ಲಿಸಲಾಯಿತು. ತಳಪಾಯದ ಲೆಕ್ಕ ಮುಗಿದ ಮೇಲೆ ಹೊರಗೋಡೆಗಳಿಗೆ ಹಗುರವಾದ ಇಟ್ಟಿಗೆಗೆ ಬದಲು ಭಾರವಾದ ಕಲ್ಲನ್ನು ಬಳಸುವ ತೀರ್ಮಾನವಾಯಿತು. ನೋಟಕ್ಕೆ ಗಾಂಭೀರ್ಯ ಬಂದಿತು, ತಳಪಾಯಕ್ಕೆ ಮಿತಿ ಮೀರಿದ ಹೊರೆ ಬಿದ್ದಿತು. ಕಟ್ಟಡ ಅಲ್ಲಲ್ಲಿ ಎರಡು ಅಡಿಗೂ ಹೆಚ್ಚು ಕುಸಿದು, ನೆಲಗಳು ವಾಲಿದವು. ಎರಡನೆಯ ದೌರ್ಬಲ್ಯ ಲೆಕ್ಕದ ಪುಸ್ತಕದಲ್ಲಿತ್ತು. ಹೋಟೆಲಿನ ಕೊಠಡಿಗಳಿಗೆ ಪ್ರತ್ಯೇಕ ಸ್ನಾನಗೃಹಗಳಿರಲಿಲ್ಲ. ಹೊಸ ಹೋಟೆಲುಗಳು ಆ ಸೌಲಭ್ಯ ಒದಗಿಸತೊಡಗಿದಾಗ ಗಿರಾಕಿಗಳು ಅತ್ತ ನಡೆದರು. ಕಲೆಯನ್ನು ಪೋಷಿಸಬೇಕಾದ ಆದಾಯವೇ ಬತ್ತಿತು. ಷಿಕಾಗೋದ ಸಿಂಫನಿ ವಾದ್ಯವೃಂದ 1904ರಲ್ಲಿ ತನ್ನದೇ ಸಣ್ಣ ಮಂದಿರಕ್ಕೆ ಹೋಯಿತು. 1929ರಲ್ಲಿ ಒಪೆರಾ ಕೂಡ ಹೊಸ ಕಟ್ಟಡಕ್ಕೆ ಹೋಯಿತು.

ಅನಂತರ ಭವನವನ್ನು ಕೆಡವುವ ಮಾತು ಎದ್ದಿತು. ಆಗ ಅದನ್ನು ಉಳಿಸಿದ್ದು ಕಲಾಪ್ರೇಮವಲ್ಲ. ಅಷ್ಟು ದಪ್ಪ ಗೋಡೆಗಳನ್ನು ಒಡೆಯುವ ಖರ್ಚು ನಿವೇಶನದ ಬೆಲೆಯನ್ನೂ ಮೀರುತ್ತದೆಂಬ ಅಂದಾಜು ಅದನ್ನು ಉಳಿಸಿತು. 1941ರಲ್ಲಿ ಸಭಾಂಗಣ ಮುಚ್ಚಿತು. ಯುದ್ಧಕಾಲದಲ್ಲಿ ನಗರಾಡಳಿತ ಅದನ್ನು ಸೈನಿಕರ ವಿಶ್ರಾಂತಿ ಕೇಂದ್ರವಾಗಿಸಿತು. ಪ್ಯಾಟಿ ಹಾಡಿದ ವೇದಿಕೆಯ ಮೇಲೆ ಬೌಲಿಂಗ್ ಆಟದ ಅಂಕಣಗಳು ಬಂದವು. ಇದನ್ನು ಅಪವಿತ್ರವೆಂದು ಮೂದಲಿಸುವುದು ಸುಲಭ. ಆದರೆ ಮರುದಿನ ರಣರಂಗಕ್ಕೆ ಹೋಗಬೇಕಾದ ತರುಣನಿಗೆ ಒಂದು ಸಂಜೆಯ ನೆಮ್ಮದಿ ಸಿಕ್ಕಿದ್ದು ಆ ಸಭಾಂಗಣದ ಮೂಲ ಆಶಯಕ್ಕೆ ದೂರವಾದುದೇನೂ ಅಲ್ಲ. ಬೀಗ ಹಾಕಿದ ಸಭಾಂಗಣಕ್ಕಿಂತ ಜನ ನಗುವ ಸಭಾಂಗಣ ಮೇಲು.

1946ರಲ್ಲಿ ಕಟ್ಟಡ ರೂಸ್‌ವೆಲ್ಟ್ ಕಾಲೇಜಿನ ವಶವಾಯಿತು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಈ ಕಾಲೇಜಿನ ಮೂಲ ಗಮನಾರ್ಹ. ವಿದ್ಯಾರ್ಥಿಗಳ ಜನಾಂಗವಾರು ಲೆಕ್ಕ ಕೊಟ್ಟರೆ ಅದು ಕೆಲವರನ್ನು ಹೊರಗಿಡಲು ಬಳಕೆಯಾದೀತೆಂದು ಒಪ್ಪದೆ, ಇದ್ದ ಸಂಸ್ಥೆಯನ್ನು ತೊರೆದು ಬಂದ ಅಧ್ಯಾಪಕರು ಅದನ್ನು ಕಟ್ಟಿದರು. ಎಲ್ಲರಿಗೂ ಬಾಗಿಲು ತೆರೆದ ವಿದ್ಯಾಲಯ, ಎಲ್ಲರಿಗಾಗಿ ಕಟ್ಟಿದ ಭವನಕ್ಕೆ ಬಂದು ಸೇರಿತು. ಹೋಟೆಲಿನ ಕೊಠಡಿಗಳು ತರಗತಿಗಳಾದವು, ಹತ್ತನೆಯ ಮಹಡಿಯ ಭೋಜನಶಾಲೆ ಗ್ರಂಥಾಲಯವಾಯಿತು. ಸಭಾಂಗಣವನ್ನು ದುರಸ್ತಿ ಮಾಡಿಸುವಷ್ಟು ಹಣ ಮಾತ್ರ ಅಲ್ಲಿರಲಿಲ್ಲ. 1950ರ ದಶಕದಲ್ಲಿ ಪಕ್ಕದ ರಸ್ತೆ ಅಗಲವಾದಾಗ ಕಟ್ಟಡದ ಒಂದು ಪಾರ್ಶ್ವವನ್ನು ಕೊರೆದು ಕಾಲುದಾರಿ ಮಾಡಲಾಯಿತು.

1960ರಲ್ಲಿ ಬಿಯಾಟ್ರಿಸ್ ಸ್ಪಾಕ್ನರ್ ಎಂಬ ಮಹಿಳೆಯ ಮುಂದಾಳುತನದಲ್ಲಿ ಒಂದು ಮಂಡಳಿ ರೂಪುಗೊಂಡು ಸಾರ್ವಜನಿಕರಿಂದ ಹಣ ಕೂಡಿಸತೊಡಗಿತು. ಅದೇ ಹೊತ್ತಿಗೆ ಅದೇ ನಗರದಲ್ಲಿ, ಅದೇ ಆಡ್ಲರ್ ಮತ್ತು ಸಲ್ಲಿವನ್ 1892ರಲ್ಲಿ ಕಟ್ಟಿದ್ದ ಗ್ಯಾರಿಕ್ ರಂಗಮಂದಿರವನ್ನು ಕೆಡವುವುದರ ವಿರುದ್ಧ ಪ್ರತಿಭಟನೆ ನಡೆಯುತ್ತಿತ್ತು. ಆ ಪ್ರತಿಭಟನೆ ಫಲಿಸಲಿಲ್ಲ. 1961ರಲ್ಲಿ ಅದು ನೆಲಸಮವಾಗಿ ಮೋಟಾರುಗಳ ನಿಲ್ದಾಣಕ್ಕೆ ಎಡೆ ಕೊಟ್ಟಿತು. ಆಡಿಟೋರಿಯಮ್ಮಿನ ಅದೃಷ್ಟ ಬೇರೆ. ಹ್ಯಾರಿ ವೀಸ್ ಎಂಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ ದುರಸ್ತಿ ನಡೆದು, 1967ರ ಅಕ್ಟೋಬರ್ 31ರಂದು ನ್ಯೂಯಾರ್ಕ್ ಸಿಟಿ ಬ್ಯಾಲೆಯ ನೃತ್ಯದೊಡನೆ 26 ವರ್ಷಗಳ ಮೌನ ಮುಗಿಯಿತು. 1975ರಲ್ಲಿ ಭವನ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾಯಿತು.

ಕಥೆ ಇಲ್ಲಿಗೆ ಸುಖಾಂತ್ಯ. ವಿಚಾರ ಇಲ್ಲಿಂದ ಆರಂಭ.

ಮೊದಲನೆಯದಾಗಿ ಒಂದು ಪ್ರಬಲ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಹಸಿದವರೂ, ರೋಗಿಗಳೂ, ಶಾಲೆ ಕಾಣದ ಮಕ್ಕಳೂ ಇರುವಾಗ ಹಳೆಯ ಕಮಾನಿಗೆ ಚಿನ್ನದ ಲೇಪ ಹಚ್ಚುವುದು ಧರ್ಮವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರು ದಯೆಯಿಲ್ಲದವರು. ‘ಸಂಸ್ಕೃತಿಯೂ ಬೇಕು’ ಎಂಬ ಒಣ ಉತ್ತರ ಸಾಲದು. ಪ್ರಾಮಾಣಿಕ ಉತ್ತರ ಹೀಗಿರಬಹುದು: ಸಭಾಭವನ ಕೆಲವರ ವಿಲಾಸದ ಸ್ಥಳವಾಗಿ ಉಳಿಯುವುದಾದರೆ ಆಕ್ಷೇಪ ಸಂಪೂರ್ಣ ನ್ಯಾಯ, ಆ ಹಣ ಆಸ್ಪತ್ರೆಗೆ ಹೋಗಲಿ. ಆದರೆ ಬಡವನು ಕೈಬಿಟ್ಟಿಯ ಅನ್ನಕ್ಕೆ ಮಾತ್ರ ಅರ್ಹನೆಂದೂ, ಶ್ರೇಷ್ಠವಾದುದನ್ನು ಕೇಳಿ ಸವಿಯುವ ಹಕ್ಕು ಸಿರಿವಂತನದೆಂದೂ ಭಾವಿಸುವುದು ದಾನದ ವೇಷ ತೊಟ್ಟ ಅಹಂಕಾರ. ಹಸಿವು ನೀಗಿಸಲು ಮೀಸಲಿಟ್ಟ ಹಣವನ್ನು ಕಟ್ಟಡಕ್ಕೆ ತಿರುಗಿಸುವುದು ಅಧರ್ಮ. ಎಲ್ಲರೂ ಒಟ್ಟಿಗೆ ಕೂರುವ ಜಾಗವನ್ನು ಉಳಿಸುವುದು ಹಸಿವಿನ ಶತ್ರುವಲ್ಲ. ಹೇಮಾರ್ಕೆಟ್ಟಿನ ರಕ್ತ ಒಣಗುವ ಮುನ್ನವೇ ಪೆಕ್ ಕಂಡ ಕನಸಿನ ತಿರುಳು ಇದೇ. ಆದುದರಿಂದ ಜೀರ್ಣೋದ್ಧಾರ ನ್ಯಾಯವಾಯಿತೇ ಎಂಬುದನ್ನು ಅಳೆಯುವ ಕೋಲು ಚಿನ್ನದ ಹೊಳಪಲ್ಲ. ಕೊನೆಯ ಸಾಲಿನ ಟಿಕೆಟಿನ ದರವೇ ಆ ಕೋಲು.

ಎರಡನೆಯದು ಸತ್ಯದ ಪ್ರಶ್ನೆ. ಹಳೆಯದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು? 1964ರ ವೆನಿಸ್ ಸನ್ನದು ಈ ಬಗ್ಗೆ ಜಗತ್ತಿನ ಪರಿಣತರು ಒಪ್ಪಿದ ಕೆಲವು ನಿಯಮಗಳನ್ನು ಹೇಳಿದೆ. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಹೊಸದಾಗಿ ಸೇರಿಸಿದ ಭಾಗ ಹಳೆಯದರೊಡನೆ ಹೊಂದಿಕೊಳ್ಳಬೇಕು, ಆದರೆ ಹಳೆಯದೆಂದು ನಟಿಸಬಾರದು. ಬೇರೆ ಬೇರೆ ಕಾಲದವರು ಸೇರಿಸಿದ್ದಕ್ಕೂ ಗೌರವ ಸಲ್ಲಬೇಕು. ಈ ನಿಯಮಗಳನ್ನು ತಂತ್ರಜ್ಞರ ಸೂಚನೆಗಳೆಂದು ಓದುವುದಕ್ಕಿಂತ ವ್ಯಾಪಾರಧರ್ಮದ ಸೂಚನೆಗಳೆಂದು ಓದಿದರೆ ಹೆಚ್ಚು ಅರ್ಥವಾಗುತ್ತವೆ. ಹೊಸ ಸರಕಿಗೆ ಹಳೆಯ ಮುದ್ರೆ ಒತ್ತಿ ಮಾರುವುದು ಅಂಗಡಿಯಲ್ಲಿ ಮೋಸವೆನಿಸಿದರೆ, ಕಟ್ಟಡದಲ್ಲಿಯೂ ಮೋಸವೇ.

ಸತ್ಯದಷ್ಟೇ ಹಿರಿದಾದುದು ಜೀವರಕ್ಷಣೆ. ಹಳೆಯದನ್ನು ಇದ್ದಂತೆಯೇ ಇಡಬೇಕೆಂಬ ಹಟ ಕೆಲವೊಮ್ಮೆ ನಿರ್ದಯವಾಗುತ್ತದೆ. ಷಿಕಾಗೋ ನಗರದಲ್ಲಿಯೇ 1903ರ ಡಿಸೆಂಬರ್ 30ರಂದು ಇರೊಕ್ವಾ ಎಂಬ ರಂಗಮಂದಿರಕ್ಕೆ ಬೆಂಕಿ ಬಿದ್ದು ಸುಮಾರು 600 ಮಂದಿ ಸತ್ತರು. ಅವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಬೆಂಕಿ ತಾಕದ ಕಟ್ಟಡವೆಂದು ಆ ಮಂದಿರದ ಜಾಹೀರಾತು ಸಾರಿತ್ತು. ಜನರನ್ನು ಕೊಂದದ್ದು ಬೀಗ ಹಾಕಿದ ಬಾಗಿಲುಗಳು, ಗುರುತಿಲ್ಲದ ಹೊರದಾರಿಗಳು. ಗೋಡೆಗಳು ಬಹುಮಟ್ಟಿಗೆ ನಿಂತೇ ಇದ್ದವು. ಈ ಘಟನೆಯನ್ನು ನೆನೆದವರು ಹೊಸ ಹೊರಬಾಗಿಲು ತೆರೆಯಲೆಂದು ಹಳೆಯ ಗೋಡೆಯಲ್ಲಿ ಕಂಡಿ ಕೊರೆಯುವುದನ್ನು ಅಪಚಾರವೆನ್ನಲಾರರು. ಗಾಲಿಕುರ್ಚಿಯವರಿಗಾಗಿ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟುವುದೂ ಹಾಗೆಯೇ. ಕಲ್ಲಿನ ಅಖಂಡತೆಗೂ ಮನುಷ್ಯನ ಪ್ರಾಣಕ್ಕೂ ಸ್ಪರ್ಧೆ ಬಂದರೆ ಕಲ್ಲು ಸೋಲಬೇಕು.

ದುರಸ್ತಿ ನಡೆಯುವ ಕಾಲವೇ ಹಳೆಯ ಕಟ್ಟಡಕ್ಕೆ ಅತ್ಯಂತ ಅಪಾಯದ ಕಾಲವೆಂಬುದನ್ನು ಕೂಡ ಮರೆಯಬಾರದು. ಸನ್ನದಿಗೆ ಹೆಸರು ಕೊಟ್ಟ ವೆನಿಸ್ ನಗರದಲ್ಲಿಯೇ ಇದಕ್ಕೆ ದಾರುಣ ನಿದರ್ಶನವಿದೆ. ಅಲ್ಲಿನ ಲಾ ಫೆನಿಚೆ ಒಪೆರಾ ಮಂದಿರ 1996ರ ಜನವರಿ 29ರ ರಾತ್ರಿ, ನವೀಕರಣ ನಡೆಯುತ್ತಿದ್ದಾಗಲೇ, ಉರಿದು ಬೂದಿಯಾಯಿತು. ಕೆಲಸ ತಡವಾದುದಕ್ಕೆ ತೆರಬೇಕಾದ ದಂಡವನ್ನು ತಪ್ಪಿಸಿಕೊಳ್ಳಲು ಇಬ್ಬರು ವಿದ್ಯುತ್ ಕೆಲಸಗಾರರು ಬೆಂಕಿಯಿಟ್ಟರೆಂದು ನ್ಯಾಯಾಲಯ ತೀರ್ಪಿತ್ತಿತು. ಪಕ್ಕದ ಕಾಲುವೆಯನ್ನು ಶುಚಿಗಾಗಿ ಬರಿದು ಮಾಡಿದ್ದರಿಂದ ನೀರೂ ಹತ್ತಿರವಿರಲಿಲ್ಲ. 2003ರ ಡಿಸೆಂಬರಿನಲ್ಲಿ ಮಂದಿರ ಹಿಂದಿನ ರೂಪದಲ್ಲಿಯೇ ಮತ್ತೆ ತೆರೆಯಿತು. ತಪ್ಪು ತಪ್ಪಿತಸ್ಥರದೇ, ಸಂದೇಹವಿಲ್ಲ. ಆದರೂ ಕರಾರಿನಲ್ಲಿ ದಿನಾಂಕವನ್ನೂ ದಂಡವನ್ನೂ ಮಾತ್ರ ಬರೆದು, ಕೆಲಸ ಮಾಡುವವನ ಮೇಲೆ ನಿಗಾ ಇಡದೆ ಹೋದರೆ ಅಮೂಲ್ಯವಾದುದು ಒಂದೇ ರಾತ್ರಿಯಲ್ಲಿ ನಾಶವಾದೀತೆಂಬ ಪಾಠ ಪ್ರತಿಯೊಬ್ಬ ಆಡಳಿತಗಾರನಿಗೂ ಸಲ್ಲುತ್ತದೆ. ಉದ್ಘಾಟನೆಯ ಮುಹೂರ್ತ ಮೊದಲೇ ಗೊತ್ತುಮಾಡಿ, ಆ ದಿನಕ್ಕಾಗಿ ಕೆಲಸವನ್ನು ಓಡಿಸುವ ಚಾಳಿ ಎಲ್ಲ ಊರುಗಳಲ್ಲಿಯೂ ಇದೆ.

ಮೂರನೆಯದು ಲೆಕ್ಕದ ನೀತಿ. ಇದು ನೀರಸವೆನಿಸಿದರೂ ತಿರುಳು ಇಲ್ಲಿಯೇ ಇದೆ. ಯಾವ ವ್ಯಾಪಾರಿಯೂ ಯಂತ್ರವೊಂದನ್ನು ಕೊಂಡ ಮೇಲೆ ವರ್ಷವರ್ಷವೂ ಅದರ ಸವಕಳಿಯನ್ನು ಲೆಕ್ಕದಲ್ಲಿ ಬರೆಯದೆ ಬಂದದ್ದೆಲ್ಲ ಲಾಭವೆಂದು ಹಂಚಿಕೊಂಡರೆ, ಅವನು ಲಾಭವನ್ನಲ್ಲ, ಬಂಡವಾಳವನ್ನೇ ತಿನ್ನುತ್ತಿರುತ್ತಾನೆ. ಸಾರ್ವಜನಿಕ ಕಟ್ಟಡಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳದೆ ನಡೆಯುತ್ತದೆ. ಈ ವರ್ಷ ಮಾಳಿಗೆಯ ನೀರುಕೊಳವೆ ಸರಿಪಡಿಸದಿದ್ದರೆ ಖರ್ಚು ಉಳಿಯಿತೆಂದು ವರದಿಯಲ್ಲಿ ಬರೆಯಲಾಗುತ್ತದೆ. ನಿಜವಾಗಿ ಆ ಖರ್ಚು ಉಳಿದಿಲ್ಲ, ಮಕ್ಕಳ ತಲೆಗೆ ಸಾಲವಾಗಿ ಹೋಗಿದೆ, ಬಡ್ಡಿಸಮೇತ. ಹತ್ತು ರೂಪಾಯಿಯ ಹೆಂಚು ಬದಲಿಸದಿದ್ದುದರಿಂದ ತೊಲೆ ಕೊಳೆಯುತ್ತದೆ, ತೊಲೆ ಕೊಳೆತುದರಿಂದ ಗೋಡೆ ಬಿರಿಯುತ್ತದೆ. ಆಗ ದೊಡ್ಡ ದೇಣಿಗೆ ಎತ್ತಿ, ದೊಡ್ಡ ಸಮಾರಂಭ ಮಾಡಿ, ದೊಡ್ಡ ಫಲಕ ಹಾಕಿ ಜೀರ್ಣೋದ್ಧಾರ ನಡೆಯುತ್ತದೆ. ಅದೆಷ್ಟೋ ಜೀರ್ಣೋದ್ಧಾರಗಳು ಪುಣ್ಯಕಾರ್ಯಗಳಂತೆ ಕಂಡರೂ ವಾಸ್ತವದಲ್ಲಿ ತೀರದೆ ಉಳಿದ ಹಳೆಯ ಬಾಕಿಗಳು. ಆಡಿಟೋರಿಯಮ್ಮಿನ ಹೋಟೆಲು ಕಾಲಕ್ಕೆ ತಕ್ಕಂತೆ ಸುಧಾರಿಸದೆ ಆದಾಯ ಕಳೆದುಕೊಂಡುದು ಇದೇ ಬಗೆಯ ಬಾಕಿ.

ಇದರಿಂದ ಒಂದು ನಿಯಮ ಹೊರಡುತ್ತದೆ. ದುರಸ್ತಿಗೆ ಹಣ ಕೂಡಿಸುವವರು ಅದರ ಒಂದು ಪಾಲನ್ನು ಮುಂದಿನ ನಿರ್ವಹಣೆಗೆ ಮೂಲಧನವಾಗಿ ಮೊದಲೇ ಎತ್ತಿಡಬೇಕು. ಅಷ್ಟು ಹಣ ಕೂಡದಿದ್ದರೆ ಅಲಂಕಾರವನ್ನು ಕಡಿಮೆ ಮಾಡಬೇಕು, ಮೂಲಧನವನ್ನಲ್ಲ. ಚಿನ್ನದ ಲೇಪ ಹತ್ತು ವರ್ಷ ಕಾಯಬಲ್ಲದು, ಸೋರುವ ಛಾವಣಿ ಒಂದು ಮಳೆಗಾಲವನ್ನೂ ಕಾಯಲಾರದು.

ಯಾವ ಉದ್ದೇಶಕ್ಕೆಂದು ಹಣ ಕೊಡಲಾಯಿತೋ ಆ ಉದ್ದೇಶಕ್ಕೇ ಅದು ಸಲ್ಲಬೇಕೆಂಬುದು ಇನ್ನೊಂದು ನಿಯಮ. ಆಡಿಟೋರಿಯಮ್ಮಿನ ಆಡಳಿತ ಮತ್ತು ನಿಧಿಯ ಮೇಲಿನ ಹಕ್ಕು ಯಾರದೆಂಬ ವಿವಾದ 1990ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕೂ ಮಂಡಳಿಗೂ ನಡುವೆ ನ್ಯಾಯಾಲಯದವರೆಗೆ ಹೋಯಿತು. ಎರಡೂ ಕಡೆ ಇದ್ದವರು ಭವನದ ಹಿತೈಷಿಗಳೇ. ವಿದ್ಯಾದಾನ ಮಾಡುವ ಸಂಸ್ಥೆಯೂ, ಕಲೆಯನ್ನು ಉಳಿಸಿದ ಮಂಡಳಿಯೂ ವಕೀಲರ ಮುಂದೆ ನಿಲ್ಲಬೇಕಾದುದು ಯಾರ ದುಷ್ಟತನದಿಂದಲೂ ಅಲ್ಲ. ಸ್ನೇಹವಿದ್ದ ದಿನಗಳಲ್ಲಿ ಕಾಗದಪತ್ರವನ್ನು ಸ್ಪಷ್ಟವಾಗಿ ಬರೆದಿಡದಿದ್ದರೆ ಒಳ್ಳೆಯವರೂ ಎದುರಾಳಿಗಳಾಗುತ್ತಾರೆ. ಪರಸ್ಪರ ವಿಶ್ವಾಸವಿದೆಯೆಂದು ಲಿಖಿತವನ್ನು ಬಿಡುವುದು ಔದಾರ್ಯವಲ್ಲ, ಆಲಸ್ಯ.

ಕೊನೆಯದಾಗಿ ಹೆಸರಿನ ಮೋಹ. ದೇಣಿಗೆ ಕೊಟ್ಟವರ ಹೆಸರನ್ನು ಬರೆಯುವುದು ತಪ್ಪಲ್ಲ. ಕೃತಜ್ಞತೆಯೂ ಒಂದು ಧರ್ಮ. ಆದರೆ ಹೊಸ ಹೆಸರು ಬರೆಯಲು ಹಳೆಯ ಹೆಸರನ್ನು ಒರಸುವುದು ಕಳ್ಳತನ. ಹಣ ಕೊಟ್ಟವರ ಕುಟುಂಬಕ್ಕೆ ಮುಂದಿನ ಸಾಲು ಶಾಶ್ವತವಾಗಿ ಮೀಸಲೆಂದರೆ, ಪೆಕ್ ಬೇಡವೆಂದು ಬಿಟ್ಟ ಖಾಸಗಿ ಆಸನಕಟ್ಟೆಗಳು ಬೇರೆ ರೂಪದಲ್ಲಿ ಮರಳಿ ಬಂದಂತಾಗುತ್ತದೆ. ಬಾಡಿಗೆಯನ್ನು ಏರಿಸಿ ಏರಿಸಿ ಶಾಲಾಮಕ್ಕಳ ನಾಟಕಕ್ಕೂ, ಸಣ್ಣ ಸಂಘದ ಸಭೆಗೂ ನಿಲುಕದಂತೆ ಮಾಡಿದರೆ ಗೋಡೆಗಳು ಉಳಿದವು, ಭವನ ಹೋಯಿತು ಎನ್ನಬೇಕು.

ಹೀಗೆ ನೋಡಿದಾಗ ಆರಂಭದಲ್ಲಿ ಎದ್ದ ಪ್ರಶ್ನೆಗೆ ಉತ್ತರದ ದಾರಿ ಕಾಣುತ್ತದೆ. ಗತಿಸಿದವರಿಗೆ ಸಲ್ಲಬೇಕಾದದ್ದು ಅವರ ಆಶಯದ ಪಾಲನೆ. ಇಂದಿನವರಿಗೆ ಸಲ್ಲಬೇಕಾದದ್ದು ಸುರಕ್ಷಿತವೂ ಮುಕ್ತವೂ ಆದ ಪ್ರವೇಶ. ಹುಟ್ಟಲಿರುವವರಿಗೆ ಸಲ್ಲಬೇಕಾದದ್ದು ಬಾಕಿಯಿಲ್ಲದ ಲೆಕ್ಕ. ಈ ಮೂರರಲ್ಲಿ ಮೊದಲ ಎರಡನ್ನು ಕೇಳುವವರಿದ್ದಾರೆ. ಇತಿಹಾಸ ಬಲ್ಲವರು ಮೊದಲನೆಯದನ್ನು ಕೇಳುತ್ತಾರೆ, ಟಿಕೆಟು ಕೊಂಡವರು ಎರಡನೆಯದನ್ನು ಕೇಳುತ್ತಾರೆ. ಮೂರನೆಯದನ್ನು ಕೇಳಲು ಸಭೆಯಲ್ಲಿ ಯಾರೂ ಇರುವುದಿಲ್ಲ. ಕೇಳುವವರಿಲ್ಲದ ಸಾಲವನ್ನು ತಾನಾಗಿಯೇ ತೀರಿಸುವವನೇ ನಿಜವಾದ ಪಾಲಕ.

ಆಡ್ಲರ್ 1900ರಲ್ಲಿ ತೀರಿಕೊಂಡನು. ಸಲ್ಲಿವನ್ ತನ್ನದೇ ಗೋಪುರದಲ್ಲಿದ್ದ ಕಚೇರಿಯನ್ನು ಬಾಡಿಗೆ ತೆರಲಾರದೆ ಬಿಟ್ಟು, 1924ರಲ್ಲಿ ಬಡತನದಲ್ಲಿ ಕಣ್ಣುಮುಚ್ಚಿದನು. ಅವರು ಕಟ್ಟಿದ ಕಮಾನುಗಳ ಕೆಳಗೆ ಇಂದಿಗೂ ಸ್ವರ ಕೊನೆಯ ಸಾಲನ್ನು ಮುಟ್ಟುತ್ತದೆ. ನೆಲ ಅಲ್ಲಲ್ಲಿ ವಾಲಿಯೇ ಇದೆ. ವಾಲಿದ ನೆಲದ ಮೇಲೆ ನಡೆಯುವುದನ್ನು ಜನ ಕಲಿತುಕೊಂಡಿದ್ದಾರೆ. ಹಳೆಯ ತಪ್ಪುಗಳನ್ನೆಲ್ಲ ಸರಿಪಡಿಸುವುದು ಯಾವ ಪೀಳಿಗೆಗೂ ಸಾಧ್ಯವಿಲ್ಲ. ಅವುಗಳಿಗೆ ಹೊಸತೊಂದನ್ನು ಸೇರಿಸದೆ ಬೀಗದ ಕೈಯನ್ನು ಮುಂದಿನವರಿಗೆ ಒಪ್ಪಿಸಿದರೆ ಅಷ್ಟೇ ಸಾಕು.